ಮೊಮ್ಮಗಳ ಪುಟಕ್ಕೆ ಊರು ಹಾಕಿದ ಮುಯ್ಯಿ

ಸಂತೋಷವಾದರೆ ನನ್ನ ಬಾಯಿ ನಿಲ್ಲುವುದಿಲ್ಲ. ಇದು ನನ್ನ ಹುಟ್ಟುಗುಣ. ಮೊದಲ ಮೊಮ್ಮಗಳು ಹುಟ್ಟಿದ ದಿನ ರಾವಂದೂರಿನ ಆಸ್ಪತ್ರೆಯಿಂದ ನಮ್ಮೂರಿಗೆ ನಡೆದುಕೊಂಡು ಬರುವಾಗ ಎದುರಿಗೆ ಸಿಕ್ಕ ಒಬ್ಬರನ್ನೂ ನಾನು ಬಿಟ್ಟಿರಲಿಲ್ಲ. ಮುಖಪರಿಚಯವಿಲ್ಲದ ಬಳೆಗಾರನೊಬ್ಬನನ್ನು ತಡೆದು ನಿಲ್ಲಿಸಿ, "ಮೊಮ್ಮಗ್ಳು ಕಣಪ್ಪ, ತಲೆ ತುಂಬ ಕೂದ್ಲು!" ಎಂದು ಹೇಳಿದ್ದೆ. ಅವನು ಗಾಬರಿಯಾಗಿ ನಾಲ್ಕು ಚಿಕ್ಕ ಬಳೆ ಕೊಟ್ಟು ಹೋದ. ಇವತ್ತಿಗೂ ಅವಳ ವಿಷಯ ಎತ್ತಿದರೆ ಒಲೆಯ ಮೇಲಿಟ್ಟ ಹಾಲಿನ ಹಾಗೆ ಉಕ್ಕುತ್ತೇನೆ. ಆದರೆ ಈ ಉಕ್ಕುವ ಗುಣವೇ ಒಂದು ಸಲ ಅವಳ ಕುತ್ತಿಗೆಗೆ ಬಂದಿತ್ತು. ಮೂರನೇ ಕ್ಲಾಸಿನವರೆಗೆ ಓದಿದ ಕೈ ಇದು, ಅಕ್ಷರ ವಾಲುತ್ತವೆ. ವಾಲಿದರೂ ನಾನೇ ಬರೆಯಬೇಕು. ಯಾಕೆಂದರೆ ತಪ್ಪು ನನ್ನದು.

ಎರಡು ಸಾವಿರದ ಎಂಟೋ ಒಂಬತ್ತೋ ಇರಬೇಕು. ಅವಳು ಹುಣಸೂರಿನ ಕಾಲೇಜಿನಲ್ಲಿ ಬಿ.ಎ. ಮುಗಿಸಿ ಮನೆಗೆ ಬಂದಿದ್ದಳು. ಆ ವರ್ಷ ಮುಂಗಾರು ಚೆನ್ನಾಗಿ ಹಿಡಿದಿತ್ತು. ರಾಗಿ ಹೊಲದಲ್ಲಿ ಕಳೆ ತೆಗೆಯುವಾಗ ನಾನು ಮಡಿಲು ಕಟ್ಟಿಕೊಂಡು ಬೆರಕೆ ಸೊಪ್ಪು ಆಯುತ್ತಿದ್ದೆ. ಅಣ್ಣೆ, ಕನ್ನೆ, ಗೋಣಿ, ಕಿರಕಸಾಲೆ, ಹೊನಗೊನೆ, ಹೀಗೆ ಕೈಗೆ ಸಿಕ್ಕಿದ್ದೆಲ್ಲ ಒಂದೊಂದು ಹಿಡಿ. ಅವಳು ಸ್ಕಾಲರ್‌ಶಿಪ್ಪಿನ ದುಡ್ಡಿನಲ್ಲಿ ಯಾರೋ ಬಳಸಿ ಬಿಟ್ಟ ಕ್ಯಾಮೆರಾ ತಂದುಕೊಂಡಿದ್ದಳು. ನನ್ನ ಹಿಂದೆ ಹಿಂದೆಯೇ ಬಂದು, "ಇದೇನಜ್ಜಿ? ಇದನ್ನ ಎಂಗ್ ಗುರ್ತು ಇಡಿತೀಯ? ಎಲೆ ತಿರುಗ್ಸು, ತಳ ತೋರ್ಸು" ಎಂದು ಪಟ ಹಿಡಿಯುವಳು. ಸಂಜೆ ನಾನು ಮಸ್ಸೊಪ್ಪು ಮಾಡುವಾಗ ಒಗ್ಗರಣೆಯ ಹೊಗೆಯಲ್ಲೇ ನಿಂತು ಬರೆದುಕೊಳ್ಳುವಳು. ವಾರಕ್ಕೊಂದು ಸಲ ಬಸ್ಸು ಹತ್ತಿ ಪಿರಿಯಾಪಟ್ಟಣದ ಸೈಬರ್ ಅಂಗಡಿಗೆ ಹೋಗಿ ಅದನ್ನೆಲ್ಲ ಇಂಟರ್‌ನೆಟ್ಟಿನಲ್ಲಿ ತನ್ನದೇ ಒಂದು ಪುಟಕ್ಕೆ ಹಾಕಿ ಬರುವಳು. ಕನ್ನಡದಲ್ಲೂ ಬರೆಯುವಳು, ಇಂಗ್ಲಿಷಿನಲ್ಲೂ ಬರೆಯುವಳು. ಬರೀ ಕನ್ನಡದಲ್ಲಿ ಬರೆದರೆ ಜಾಹೀರಾತು ಬರುವುದಿಲ್ಲವಂತೆ.

ಆ ಜಾಹೀರಾತಿನ ವಿಚಾರವನ್ನು ಅವಳು ನನಗೆ ಸೊಪ್ಪು ಸೋಸುತ್ತಾ ಬಿಡಿಸಿ ಹೇಳಿದ್ದಳು. ಪುಟ ಓದುವುದಕ್ಕೆ ಯಾರೂ ದುಡ್ಡು ಕೊಡುವುದಿಲ್ಲ. ಪುಟದ ಪಕ್ಕದಲ್ಲಿ ಒಂದು ದೊಡ್ಡ ಕಂಪನಿ ಯಾರ್‍ಯಾರದೋ ಜಾಹೀರಾತು ತಂದು ಹಾಕುತ್ತದೆ. ಓದುವವರು ಅದನ್ನು ಒತ್ತಿದರೆ ಬರೆದವರ ಹೆಸರಿಗೆ ಒಂದಷ್ಟು ಪೈಸೆ ಬೀಳುತ್ತದೆ. ನೂರು ಡಾಲರ್ ತುಂಬುವವರೆಗೂ ಕಣ್ಣಿಗೆ ಕಾಣುತ್ತದೆಯೇ ಹೊರತು ಕೈಗೆ ಬರುವುದಿಲ್ಲ. ತುಂಬಿದ ಮೇಲೆ ಮನೆಗೆ ಚೆಕ್ಕು. ದೂರದೇಶದಲ್ಲಿದ್ದ ನಮ್ಮ ಕಡೆಯ ಹೆಂಗಸೊಬ್ಬಳು ಅಣ್ಣೆ ಸೊಪ್ಪಿನ ಪಟ ನೋಡಿ, "ಹದಿನೈದು ವರ್ಷ ಆಯ್ತು ಇದನ್ನ ನೋಡಿ, ಅತ್ತುಬಿಟ್ಟೆ" ಎಂದು ಕೆಳಗೆ ಬರೆದಿದ್ದಳಂತೆ. ನಾನು ಅದನ್ನು ನಾಲ್ಕು ಸಲ ಓದಿಸಿ ಕೇಳಿದೆ. ಮಾರನೆಯ ದಿನ ಊರಿಗೆಲ್ಲ ಹೇಳಿದೆ.

ನನ್ನ ಮಗನಿಗೆ, ಅಂದರೆ ಅವಳ ಅಪ್ಪನಿಗೆ, ಇದು ಹಿಡಿಸಿರಲಿಲ್ಲ. ಅವನು ಕೆಟ್ಟವನಲ್ಲ. ಹೊಗೆಸೊಪ್ಪು ಬೆಳೆಯುವವನು. ಬ್ಯಾರನ್ನು ಅನ್ನುವ ಒಣಗಿಸುವ ಮನೆಯಲ್ಲಿ ಸೊಪ್ಪು ಬೇಯಿಸಿ, ಹದ ನೋಡಿ, ಬೇಲು ಕಟ್ಟಿ ಹರಾಜಿಗೆ ಹಾಕಿ, ಕೈಗೆ ಬಂದದ್ದನ್ನು ಮಾತ್ರ ನಂಬುವವನು.

"ಅವ್ವ, ನೀನ್ ಅವ್ಳನ್ನ ಮರಕ್ಕೆ ಏರಿಸ್ಬೇಡ" ಎಂದ ಒಂದು ದಿನ. "ಗಾರ್ಮೆಂಟ್ಸ್‌ನವ್ರು ಹುಡ್ಗೀರ್ನ ಕೆಲ್ಸಕ್ಕೆ ಕರ್ಕೊಂಡೋಗಕ್ಕೆ ಉಗಾದಿ ಆದ್ಮೇಲೆ ಪಿರಿಯಾಪಟ್ಣಕ್ಕೆ ಬಸ್ ತತ್ತಾರಂತೆ. ಆಸ್ಟ್ಲು ಅದೆ, ಪಿ.ಎಫ್. ಅದೆ, ಇ.ಎಸ್.ಐ. ಅದೆ. ಅಕ್ಕಪಕ್ಕದ ಊರಿನ್ ಹೆಣ್ಮಕ್ಳೆಲ್ಲ ಓಯ್ತಾವ್ರೆ."

"ಅವ್ಳಿಗೆ ಉಬ್ಬಸ ಕಣ್ಲಾ. ನಿನ್ ಬ್ಯಾರನ್ ಒಗೆಗೇ ಅಂಗೆ ಮಲಿಕತಿದ್ಲು. ಬಟ್ಟೆ ಧೂಳು ತಡ್ಕತಾಳ?"

"ಇಲ್ಲಿದ್ರೆ ಮಾತ್ರ ಒಗೆ ತಪ್ತದಾ? ಆಯ್ತು. ಆ ಬಸ್ ಬರೋದ್ರೊಳ್ಗೆ ಆ ಪುಟದಿಂದ ಒಂದೇ ಒಂದ್ ಸಲ ಕೈಗೆ ದುಡ್ಡು ಬರ್ಲಿ, ನಾನ್ ಬಾಯ್ ಬುಡಲ್ಲ. ಬರ್ದಿದ್ರೆ ಬಸ್ ಅತ್ಬೇಕು. ಏನವ್ವ, ಒಪ್ಗೆನಾ?"

ಕೊನೆಯ ಮಾತನ್ನು ಅವನು ಮಗಳ ಕಡೆ ತಿರುಗಿ ಕೇಳಿದ. ಅವಳು ತಲೆ ಆಡಿಸಿದಳು. ಒಪ್ಪಿದ್ದಲ್ಲ, ಬೇರೆ ದಾರಿ ಇರಲಿಲ್ಲ. ಹಿಂದಿನ ವರ್ಷ ಅದೇ ಕೆಲಸಕ್ಕೆ ಹೋಗಿದ್ದ ಪಕ್ಕದ ಮನೆಯ ಹುಡುಗಿ ಕೆಮ್ಮು ಹಿಡಿಸಿಕೊಂಡು ಬಂದು ನಡುಮನೆಯಲ್ಲಿ ಮಲಗಿದ್ದಳು. ಗೋಡೆಯಾಚೆಯಿಂದ ಆ ಕೆಮ್ಮು ನಮಗೆ ಕೇಳುತ್ತಿತ್ತು.

ಉಗಾದಿಗೆ ಒಂದು ತಿಂಗಳಿರುವಾಗ ಮೊಮ್ಮಗಳು ನನ್ನನ್ನು ಸೈಬರ್ ಅಂಗಡಿಗೆ ಕರೆದುಕೊಂಡು ಹೋದಳು. ಅದನ್ನು ನಡೆಸುತ್ತಿದ್ದವರು ಮೊದಲು ಟೈಪಿಂಗ್ ಕಲಿಸುತ್ತಿದ್ದವರು, ಹಾಗಾಗಿ ಎಲ್ಲರ ಬಾಯಲ್ಲೂ ಮೇಷ್ಟ್ರು. ಹಳೆಯ ಟೈಪ್ ಮಿಷನ್ನುಗಳು ಮುಸುಕು ಹೊದ್ದು ಮೂಲೆಯಲ್ಲಿ ಕೂತಿದ್ದವು. ಕಂಪ್ಯೂಟರಿನಲ್ಲಿ ನನ್ನ ಕೈ ಕಂಡಿತು. ನನ್ನದೇ ಕೈ, ಹಸಿರು ಬಳೆ, ಅಂಗೈ ತುಂಬ ಗೋಣಿ ಸೊಪ್ಪು. ನನಗೆ ಎದೆ ಉಬ್ಬಿತು. ಮೊದಲು ಕೇಳಿದ್ದು, "ಎಲ್ಲವ್ವ ಜಾಹೀರಾತು?"

"ಇಲ್ಲಿ ಕಾಣ್ಸಲ್ಲ ಕಣಜ್ಜಿ. ಮೇಷ್ಟ್ರು ತಡುದ್ಬುಟ್ಟವ್ರೆ."

ನಾನು ಮೇಷ್ಟ್ರ ಕಡೆ ತಿರುಗಿದೆ. "ಅದ್ಯಾಕ್ರೀ ತಡುದ್ರಿ?"

"ಅದಕ್ಕೇ ಅಂತ ಒಂದು ಸಾಫ್ಟ್‌ವೇರ್ ಬಿಟ್ಟಿ ಸಿಗ್ತದೆ ಕಣಮ್ಮ. ಹಾಕ್ಬುಟ್ರೆ ಪುಟ ಮಾತ್ರ ಬತ್ತದೆ, ಜಾಹೀರಾತು ಬರಲ್ಲ. ಹೆಣ್ಮಕ್ಳು ರಿಸಲ್ಟ್ ನೋಡಕ್ಕೆ ಬತ್ತಾರೆ, ಮಧ್ಯದಲ್ಲಿ ಯಾವ್ಯಾವ್ದೋ ಕೆಟ್ಟ ಪಟ ಎದ್ ನಿಂತ್ಕತವೆ. ಮಾನ ಓಯ್ತದೆ."

"ಅಂದ್ರೆ ನನ್ ಮೊಮ್ಮಗ್ಳು ಇಕ್ಕಿದ್ ಮುದ್ದೆ ಉಂಡ್ಬುಟ್ಟು, ಕೈ ಒರೆಸ್ಕಂಡು ಎದ್ದೋಗದು ಅನ್ನಿ."

ಮೇಷ್ಟ್ರು ನಕ್ಕರು. "ನಾನೊಬ್ನೇ ಅಲ್ಲಮ್ಮ. ಅಮೆರಿಕದಲ್ಲೂ ಸುಮಾರು ಜನ ಇಂಗೇ ಉಣ್ಣೋದು."

"ಅವ್ರದೇನ್ ತಪ್ಪಿಲ್ಲ ಬುಡಜ್ಜಿ" ಎಂದಳು ಮೊಮ್ಮಗಳು. "ನಂಗೂ ಕೆಲವು ಜಾಹೀರಾತು ನೋಡುದ್ರೆ ನಾಚ್ಕೆ ಆಯ್ತದೆ. ಆದ್ರೆ ಎಲ್ರೂ ತಡ್ಕಂಡ್ರೆ ನಂಗೇನ್ ಬತ್ತದೆ? ಅದ್ಕೇ ತುಂಬಾ ಜನ ಓದುದ್ರೂ ನಿಧಾನಕ್ಕೆ ತುಂಬ್ತಾ ಅದೆ."

ನಾನು ಬಿಡಲಿಲ್ಲ. ಒಂದು ಕಂಪ್ಯೂಟರಿನಲ್ಲಾದರೂ ಆ ತಡೆ ತೆಗೆಯಿರಿ ಎಂದು ಹಟ ಹಿಡಿದೆ. ಮೇಷ್ಟ್ರು ಸೋತು, ಬಾಗಿಲ ಪಕ್ಕದ ಮೂಲೆಯದರಲ್ಲಿ ತೆಗೆದರು. ಆಗ ನೋಡಿ, ನನ್ನ ಕೈಯ ಪಕ್ಕದಲ್ಲಿ ಕೂದಲು ಉದುರದ ಎಣ್ಣೆ, ವಿಮಾನದ ಟಿಕೆಟ್ಟು, ತೂಕ ಇಳಿಸುವ ಪುಡಿ, ಎಲ್ಲ ಮಿಣುಕುತ್ತಾ ಬಂದವು. ಕಣ್ಣು ಕುಕ್ಕಿದರೂ ನನಗೆ ಅವು ದೀಪ ಹಚ್ಚಿಟ್ಟ ಹಾಗೆ ಕಂಡವು.

ವಾಪಸ್ಸು ಬರುವಾಗ ಬಸ್ಸಿನಲ್ಲಿ ಅವಳು ಕಿಟಕಿಯ ಕಡೆ ಮುಖ ಮಾಡಿಕೊಂಡೇ ಹೇಳಿದಳು. "ಅಬ್ಬದೊಳ್ಗೆ ತುಂಬಲ್ಲ ಕಣಜ್ಜಿ. ಇನ್ನೂ ಕಾಲು ಪಾಲು ಬಾಕಿ ಅದೆ."

"ನಾನೇ ಒಸಿ ಒತ್ತಿ ಬತ್ತೀನಿ ಬುಡು."

ಅವಳು ಬೆಚ್ಚಿಬಿದ್ದು ನನ್ನ ಕೈ ಹಿಡಿದುಕೊಂಡಳು. "ಅಯ್ಯೋ, ಮನೆಯವ್ರು ಒತ್ತಬಾರ್ದು ಕಣಜ್ಜಿ! ಅದು ಕಂಪ್ನಿ ರೂಲ್ಸು. ನಾನೂ ಒತ್ತಂಗಿಲ್ಲ, ನೀನೂ ಒತ್ತಂಗಿಲ್ಲ."

ಈ ಮಾತು ನನಗೆ ಚೆನ್ನಾಗಿಯೇ ಅರ್ಥವಾಯಿತು ಅಂದುಕೊಂಡೆ. ನಮ್ಮಲ್ಲಿ ಮದುವೆಗೆ ಮುಯ್ಯಿ ಹಾಕುವುದು ಎಲ್ಲರಿಗೂ ಗೊತ್ತು. ಧಾರೆಯಾದ ಮೇಲೆ ನೆಂಟರು, ಊರವರು ಒಬ್ಬೊಬ್ಬರೇ ಬಂದು ಕೈಲಾದದ್ದನ್ನು ಕೊಟ್ಟು ಹೋಗುತ್ತಾರೆ. ಅವರ ಮನೆಯಲ್ಲಿ ಮದುವೆಯಾದಾಗ ನಾವು ಹೋಗಿ ತೀರಿಸಬೇಕು. ಆದರೆ ಮನೆಯವರು ತಮ್ಮ ಮನೆಯ ಮದುವೆಗೆ ತಾವೇ ಮುಯ್ಯಿ ಹಾಕಿಕೊಳ್ಳುವುದಿಲ್ಲ. ಹಾಕಿಕೊಂಡರೆ ಜನ ನಗುತ್ತಾರೆ. ಕಂಪನಿಯವರೂ ಮರ್ಯಾದಸ್ಥರು, ಅದಕ್ಕೇ ಮನೆಯವರು ಬೇಡ ಅಂದಿದ್ದಾರೆ ಎಂದು ನನ್ನ ತಲೆಗೆ ಹೊಳೆಯಿತು. ಮನೆಯವರು ಬೇಡ ಅಂದರೆ ಊರವರು ಹಾಕಬೇಕು ಅಂತಲೇ ಅಲ್ಲವೇ? ನಾನು ಎಷ್ಟು ಮನೆಗೆ ಮುಯ್ಯಿ ಹಾಕಿಲ್ಲ! ನಲವತ್ತು ವರ್ಷದಿಂದ ಒಂದು ಮದುವೆಯನ್ನೂ ತಪ್ಪಿಸಿದವಳಲ್ಲ.

ಮಾರನೆಯ ದಿನದಿಂದಲೇ ಮನೆ ಮನೆ ತಿರುಗಿದೆ. "ನಮ್ ಹುಡುಗಿ ಪುಟಕ್ಕೆ ಬಂದು ಒಂದ್ ಸಲ ಮುಯ್ಯಿ ಒತ್ಬುಡ್ರವ್ವ" ಎಂದೆ. ಯಾರೂ ಇಲ್ಲ ಅನ್ನಲಿಲ್ಲ. ಸಂತೆಯ ದಿನ ನೋಡಿಕೊಂಡೆ. ಅವತ್ತು ಮೊಮ್ಮಗಳು ಕೆ.ಆರ್. ನಗರದ ಸೋದರಮಾವನ ಮನೆಗೆ ಹೋಗಿದ್ದಳು. ಮೇಷ್ಟ್ರು ಮೈಸೂರಿಗೆ ಹೋಗಿದ್ದರು, ಅವರ ಹೆಂಡತಿ ಅಂಗಡಿಯಲ್ಲಿದ್ದರು. ನಮ್ಮೂರ ಹೆಂಗಸರು ಸಂತೆಯ ಚೀಲ ಹಿಡಿದುಕೊಂಡೇ ಬಂದು ಮೂಲೆಯ ಕಂಪ್ಯೂಟರಿನ ಮುಂದೆ ಸಾಲು ನಿಂತರು. ಅಂಗಡಿಯ ಬಾಡಿಗೆಯನ್ನು ತಮ್ಮ ತಮ್ಮ ಎಲೆಅಡಿಕೆ ಚೀಲದಿಂದ ತಾವೇ ತೆಗೆದು ಕೊಟ್ಟರು.

"ಯಾವ್ದುನ್ನ ಒತ್ತದು ಅಕ್ಕ?"

"ಮಿಣಕ್ ಮಿಣಕ್ ಅನ್ನದ್ನೆಲ್ಲ ಒತ್ತು."

"ಜೋರಾಗ್ ಒತ್ಲಾ?"

"ಲೇ, ಅದೇನ್ ಹಿಟ್ಟಿನ್ ಕೋಲಾ? ಮೆತ್ಗೆ ಒತ್ತೇ, ಮೇಷ್ಟ್ರು ಸಾಮಾನು."

"ನಾನ್ ಒಂದ್ ಎರಡು ಜಾಸ್ತಿನೇ ಒತ್ತೀನಿ. ನನ್ ಮಗ್ಳು ಮದ್ವೇಲಿ ಈ ಅಕ್ಕ ದೊಡ್ಡ ಕೊಳದಪ್ಪಲೆ ಪಾತ್ರೆ ಹಾಕಿದ್ಲು, ಅದ್ಕೆ ಸಮ ಆಗ್ಬೇಡ್ವಾ?"

ಎಲ್ಲರೂ ನಕ್ಕರು. ನಾನು ಎಲ್ಲರಿಗಿಂತ ಜಾಸ್ತಿ ನಕ್ಕೆ. ಮಧ್ಯಾಹ್ನ ಕಳೆಯುವವರೆಗೂ ಆ ಮೂಲೆಯಲ್ಲಿ ಮದುವೆಮನೆಯ ಗಲಾಟೆ. ಕೊನೆಗೆ ಎಲ್ಲರಿಗೂ ಕಡಲೆಪುರಿ ಹಂಚಿದೆ.

ಎರಡು ದಿನದ ಮೇಲೆ ಅವಳು ಸೈಬರಿನಿಂದ ಓಡಿಕೊಂಡು ಬಂದಳು. ಓಡಿದ್ದಕ್ಕೆ ಎದೆ ಸುಯ್ಯುತ್ತಿತ್ತು. "ಅಜ್ಜೀ, ತುಂಬ್ತು! ನೂರು ದಾಟ್ತು!" ಎಂದು ನನ್ನನ್ನು ಹಿಡಿದು ಒಂದು ಸುತ್ತು ತಿರುಗಿಸಿಬಿಟ್ಟಳು. ನನ್ನ ಹೊಟ್ಟೆಯೊಳಗೆ ಮಾತು ಕುದಿಯುತ್ತಿತ್ತು. ಆದರೆ ಮುಯ್ಯಿ ಹಾಕಿಸಿದವರು ಹೇಳಿಕೊಂಡು ತಿರುಗಬಾರದು ಎಂದು ತುಟಿ ಕಚ್ಚಿಕೊಂಡೆ. ನನ್ನ ಜನ್ಮದಲ್ಲಿ ಬಾಯಿ ಮುಚ್ಚಿಕೊಂಡದ್ದು ಅದೊಂದೇ ಸಲ. ಅದೊಂದು ಸಲ ಬಾಯಿ ಬಿಟ್ಟಿದ್ದರೆ ಅವಳು ಕಂಪನಿಗೆ ಮುಂಚೆಯೇ ಬರೆದು ನಿಜ ಹೇಳುತ್ತಿದ್ದಳೋ ಏನೋ.

ಮುಂದಿನ ವಾರ ಅವಳು ಪಿರಿಯಾಪಟ್ಟಣದಿಂದ ಬಂದವಳು ಒಳಗೆ ಬರಲಿಲ್ಲ. ಚಪ್ಪಲಿ ಕಳಚದೆ ಜಗಲಿಯ ಮೇಲೆ ಕೂತಳು. ನಾನು ನೀರು ತಂದು ಕೊಟ್ಟೆ. ಲೋಟ ಹಿಡಿದುಕೊಂಡಳು, ಕುಡಿಯಲಿಲ್ಲ.

"ಮುಚ್ಬುಟ್ರು ಕಣಜ್ಜಿ."

"ಏನ್ ಮುಚ್ಚುದ್ರು?"

"ನನ್ ಖಾತೆ. ಬೇಕೂಂತ್ಲೇ ಸುಳ್ಳು ಸುಳ್ಳಾಗಿ ಒತ್ತವ್ರೆ, ಒಂದೇ ಕಡೆಯಿಂದ, ಒಂದೇ ದಿನ ಅಂತ ಬರುದವ್ರೆ. ತುಂಬಿದ್ದ ದುಡ್ಡುನ್ನೆಲ್ಲ ಜಾಹೀರಾತು ಕೊಟ್ಟವ್ರಿಗೆ ವಾಪಸ್ ಕೊಡ್ತಾರಂತೆ. ಇನ್ಮೇಲೆ ನನ್ ಹೆಸ್ರಿಗೆ ಯಾವತ್ತೂ ಕೊಡಲ್ವಂತೆ." ಅವಳು ಲೋಟವನ್ನು ಪಕ್ಕಕ್ಕಿಟ್ಟಳು. "ಯಾರೋ ನನ್ ಮೇಲೆ ಒಟ್ಟೆಕಿಚ್ಚಿಗೆ ಮಾಡವ್ರೆ ಅಜ್ಜಿ. ನಾನ್ ಯಾರ್ಗೆ ಏನ್ ಮಾಡಿದ್ದೆ?"

ನಾನು ಒಳಗೆ ಹೋಗಿ ಒಲೆಯ ಮುಂದೆ ಕೂತೆ. ಹೇಳಬೇಕು ಎಂದು ಎದ್ದೆ, ಕೂತೆ. ಆ ಸಂಜೆ ಹೇಳಲಾಗಲಿಲ್ಲ. ಮಾರನೆಯ ಬೆಳಿಗ್ಗೆ ಅವಳು ಬಾವಿಯ ಹತ್ತಿರ ಮುಖ ತೊಳೆಯುವಾಗ ಹೋಗಿ ಎಲ್ಲ ಹೇಳಿದೆ. ಮುಯ್ಯಿ, ಸಂತೆ, ಮೂಲೆಯ ಕಂಪ್ಯೂಟರು, ಕಡಲೆಪುರಿ. ಅವಳು ಮುಖದ ನೀರು ಒರೆಸಿಕೊಳ್ಳದೆ ಕೇಳಿದಳು.

"ಯಾರ್‍ಯಾರು ಬಂದಿದ್ರು?"

ಒಂದೊಂದೇ ಮನೆ ಹೇಳುತ್ತಾ ಹೋದೆ. ಹೇಳಿದಷ್ಟೂ ಅವಳ ಕಣ್ಣು ದೊಡ್ಡವಾದವು.

"ಅಷ್ಟು ಜನಾನೂ ನಂಗೋಸ್ಕರ ಬಂದಿದ್ರಾ?"

"ಊ ಕಣವ್ವ."

ಅವಳು ನನ್ನನ್ನು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ಬಾವಿಕಟ್ಟೆಯ ಮೇಲೆ ಕೂತು ಅತ್ತಳು. ಅಳು ಉಬ್ಬಸಕ್ಕೆ ತಿರುಗಿತು. ನಾನು ಬೆನ್ನು ನೀವುತ್ತಾ ನಿಂತೆ. ಎಷ್ಟು ನೀವಿದರೂ ಆ ಸುಯ್ಯೆನ್ನುವ ಸದ್ದು ನಿಲ್ಲಲಿಲ್ಲ.

ಅವಳು ಕಂಪನಿಗೆ ಕಾಗದ ಬರೆದಳು. ನಡೆದದ್ದನ್ನು ನಡೆದ ಹಾಗೆ, ನಮ್ಮ ಮುಯ್ಯಿಯ ಪದ್ಧತಿಯನ್ನೂ ವಿವರಿಸಿ ಬರೆದಳು. ನಾನು ಪಕ್ಕದಲ್ಲಿ ಕೂತು, "ತಪ್ಪು ಮುದ್ಕೀದು, ಹುಡ್ಗೀದಲ್ಲ ಅಂತ ಸೇರ್ಸು" ಎಂದೆ. ಎರಡೇ ಸಾಲಿನ ಉತ್ತರ ಬಂತು. ಪರಿಶೀಲಿಸಿದ್ದೇವೆ, ತೀರ್ಮಾನ ಬದಲಾಗುವುದಿಲ್ಲ.

"ಅವ್ರ ಆಫೀಸ್ ಎಲ್ಲದೆ ಹೇಳು. ನಾನೇ ಓಯ್ತೀನಿ. ಕಾಲ್ ಇಡ್ಕತೀನಿ."

"ಇಡ್ಕಳಕ್ಕೆ ಕಾಲೇ ಇಲ್ಲ ಕಣಜ್ಜಿ ಅಲ್ಲಿ. ಮಿಷನ್ನು ಓದ್ತದೆ, ಮಿಷನ್ನೇ ಉತ್ರ ಕೊಡ್ತದೆ."

ಉಗಾದಿ ಬಂತು. ಒಬ್ಬಟ್ಟು ಮಾಡಿದೆ, ಯಾರಿಗೂ ಸೇರಲಿಲ್ಲ. ಮಗ ಕೂಗಾಡಲಿಲ್ಲ. ಹಬ್ಬದ ಮಾರನೆಯ ದಿನ ಅಟ್ಟದಿಂದ ಬ್ಯಾಗ್ ಇಳಿಸಿ, ಧೂಳು ಕೊಡವಿ, ಅವಳ ಮುಂದಿಟ್ಟ. "ಇನ್ನ ಎಂಟ್ ದಿನಕ್ಕೆ ಬಸ್ ಬತ್ತದೆ. ಬೇಕಾದ್ ತುಂಬ್ಕೊ" ಎಂದ. ನನ್ನ ಮುಖ ನೋಡಲಿಲ್ಲ. ಅದೇ ನನಗೆ ಸಾಕಾಗಿತ್ತು.

ಅವತ್ತೇ ಮೇಷ್ಟ್ರ ಹತ್ತಿರ ಹೋಗಿ ಕೂತೆ. ಬೇರೆ ಯಾವ ದಾರಿಯೂ ಇಲ್ಲವೇ ಎಂದು ಕೇಳಿದೆ. ಅವರು ಒಂದು ದಾರಿ ಹೇಳಿದರು. "ಮಧ್ಯದಲ್ಲಿ ಆ ಕಂಪ್ನಿ ಯಾಕಮ್ಮ? ಯಾವ್ದಾದ್ರೂ ಅಂಗ್ಡಿಯವ್ರು ನೇರವಾಗಿ ನಿಮ್ ಹುಡ್ಗೀಗೇ ದುಡ್ಡು ಕೊಡ್ಲಿ, ಅವ್ಳು ತನ್ ಪುಟದಲ್ಲೇ ಅವ್ರ ಪಟ ಹಾಕ್ಲಿ. ಅದು ಅವ್ಳ ಸೊಪ್ಪಿನ ಪಟ ಇದ್ದಂಗೆ ಒಂದು ಪಟ. ನನ್ ತಡೆ ಅದನ್ನ ತಡಿಯಲ್ಲ." ಆಮೇಲೆ ಪುಟವನ್ನು ಬಣ್ಣದಲ್ಲಿ ಕಾಗದದ ಮೇಲೆ ಅಚ್ಚು ತೆಗೆದು, ಪ್ಲಾಸ್ಟಿಕ್ ಕವರಿಗೆ ಹಾಕಿ ಕೊಟ್ಟರು. ದುಡ್ಡು ತೆಗೆದುಕೊಳ್ಳಲಿಲ್ಲ.

ಆ ಕಾಗದ ಹಿಡಿದು ನಾನು ಹತ್ತಿದ ಮೆಟ್ಟಿಲು ಒಂದೆರಡಲ್ಲ. ಮೊಮ್ಮಗಳು ತಾನೂ ಬರುತ್ತೇನೆ ಎಂದಳು. ಬೇಡ, ಕೆಡಿಸಿದವಳು ನಾನು, ನಾನೇ ಕೇಳುತ್ತೇನೆ ಎಂದೆ. ಮೊದಲು ಪಿರಿಯಾಪಟ್ಟಣದ ಪಾತ್ರೆ ಅಂಗಡಿ. ಅಲ್ಲಿನ ಸಾಹುಕಾರ ಕಾಗದವನ್ನು ತಿರುಗಿಸಿ ತಿರುಗಿಸಿ ನೋಡಿದ.

"ಯಾರಜ್ಜಿ ನೋಡದು ಇದ್ನ?"

"ಅಮೆರಿಕದವ್ರು ನೋಡ್ತಾರೆ ಕಣಪ್ಪ, ದುಬೈನವ್ರು ನೋಡ್ತಾರೆ!"

"ಅಮೆರಿಕದಿಂದ ಬಂದು ನನ್ ಅಂಗ್ಡೀಲಿ ಬಕೀಟು ತಕತಾರಾ?"

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಅವನ ಮಾತಿನಲ್ಲಿ ತಪ್ಪಿರಲಿಲ್ಲ. ಹುಣಸೂರಿಗೆ ಹೋದೆ. ಮರದ ಸಾಮಾನಿನವನು ಕೂರಿಸಿ ಕಾಫಿ ಕೊಟ್ಟ, ಆಮೇಲೆ ಗೋಡೆಯ ಮೇಲೆ ಬಣ್ಣದಲ್ಲಿ ಬರೆಸಿದರೆ ಎಷ್ಟು ವರ್ಷ ಇರುತ್ತದೆ ಎಂದು ಲೆಕ್ಕ ಹೇಳಿ ಕಳಿಸಿದ. ಕೆ.ಆರ್. ನಗರದಲ್ಲಿ ಅಕ್ಕಿ ಗಿರಣಿಯ ಗುಮಾಸ್ತ ನನ್ನನ್ನು ಭಿಕ್ಷೆಯವಳು ಎಂದುಕೊಂಡು ಬೊಗಸೆ ನುಚ್ಚು ಹಾಕಲು ಬಂದ. ಎಚ್.ಡಿ. ಕೋಟೆಯ ಕಡೆಗೆ ಹೋಗಿ ಹ್ಯಾಂಡ್‌ಪೋಸ್ಟ್ ಅನ್ನುವ ಕೂಡುರಸ್ತೆಯಲ್ಲಿ ಇಳಿದೆ. ಅಲ್ಲಿ ಗೊಬ್ಬರದ ಅಂಗಡಿಯವನು ಪಟವನ್ನು ನೋಡಿದ್ದೇ ತಡ ಬಿದ್ದು ಬಿದ್ದು ನಕ್ಕ.

"ಅಜ್ಜೀ, ಇದು ಅಣ್ಣೆ ಅಲ್ವಾ? ಇದು ಗೋಣಿ. ಇವೆಲ್ಲ ಕಳೆ ಕಣಜ್ಜಿ! ನಾನು ಕಳೆ ಸಾಯ್ಸೋ ಔಷ್ದಿ ಮಾರೋನು. ನಿನ್ ಮೊಮ್ಮಗ್ಳು ಬೆಳ್ಸಿ ಅಂತಾಳೆ, ನಾನು ಸಾಯ್ಸಿ ಅಂತೀನಿ. ಇಬ್ರೂ ಒಂದೇ ಪುಟದಲ್ಲಿ ಕುಂತ್ರೆ ನೋಡ್ದವ್ರು ಏನಂದಾರು?"

ನನಗೂ ನಗು ಬಂತು, ನಗುತ್ತಲೇ ಅಂಗಡಿಯ ಹೊರಗಿನ ಮೂಟೆಯ ಮೇಲೆ ಕೂತುಬಿಟ್ಟೆ. ಬಸ್ಸುಗಳು ಬಂದವು, ಹೋದವು. ಎಂಟು ದಿನದಲ್ಲಿ ಐದು ಕಳೆದಿದ್ದವು. ಬಿಸಿಲಿಗೆ ಕವರಿನೊಳಗೆ ಬೆವರಿಳಿದು ಪಟದಲ್ಲಿದ್ದ ನನ್ನ ಬೆರಳುಗಳ ಬಣ್ಣ ಕದಡಿತ್ತು. ಇವಳನ್ನು ಬಳೆಗಾರನಿಂದ ಹಿಡಿದು ಎಲ್ಲರಿಗೂ ಸಾರಿ ಸಾರಿ ಹೇಳಿ, ಕೊನೆಗೆ ನಾನೇ ಧೂಳಿನ ಬಾಯಿಗೆ ಹಾಕುತ್ತಿದ್ದೇನಲ್ಲಾ ಅಂದುಕೊಂಡೆ.

ಆರನೆಯ ದಿನ ಬೈಲಕುಪ್ಪೆಗೆ ಹೋದೆ. ಆ ಬಕೀಟಿನ ಮಾತು ತಲೆಯಲ್ಲಿ ತಿರುಗುತ್ತಿತ್ತು. ದೂರದೇಶದವರು ನಿಜವಾಗಿಯೂ ಬಂದು ತಿಂದು, ಮಲಗಿ, ದುಡ್ಡು ಕೊಡುವ ಜಾಗ ನಮ್ಮ ಸುತ್ತಿನಲ್ಲಿ ಅದೊಂದೇ. ಗೊಂಪ ಅನ್ನುವ ಬೌದ್ಧರ ಗುಡಿಯ ಹತ್ತಿರ ಟಿಬೆಟಿನ ಹೆಂಗಸೊಬ್ಬಳು ಚಿಕ್ಕ ಹೋಟೆಲು ಇಟ್ಟುಕೊಂಡು, ಮೇಲೆ ನಾಲ್ಕು ರೂಮು ಬಾಡಿಗೆಗೆ ಕೊಡುತ್ತಿದ್ದಳು. ಇಲ್ಲೇ ಹುಟ್ಟಿದವಳು, ನನ್ನ ಮಗನ ವಯಸ್ಸು, ಕನ್ನಡ ನಮ್ಮಷ್ಟೇ ಚೆನ್ನಾಗಿ ಆಡುವಳು. ನಾನು ಹೇಳಿದ್ದನ್ನೆಲ್ಲ ಕೈ ಕಟ್ಟಿಕೊಂಡು ಕೇಳಿದಳು.

"ಫಾರಿನ್‌ನವ್ರು ಓದ್ತಾರಾ ಇದನ್ನ?"

"ಅವ್ರೇ ಕಣವ್ವ ಓದದು! ಇಲ್ಲಿಯವ್ರು ಒಬ್ರೂ ಓದಲ್ಲ!"

ಅವಳಿಗೆ ನಗು ಬಂತು. "ನನ್ ಕಂಪ್ಯೂಟರಲ್ಲೂ ಜಾಹೀರಾತು ತಡ್ದಿದೀನಿ ಅಜ್ಜಿ. ನಂಗೆ ಅವು ಕಂಡ್ರಾಗಲ್ಲ. ನಂಗೇ ಬೇಡದ್ದು ಬೇರೆಯವ್ರಿಗೆ ಬೇಕಾ? ಮೊಮ್ಮಗಳನ್ನ ಕರ್ಕೊಂಬನ್ನಿ. ತಡೆ ಇದ್ರೂ ಪಟ ಕಾಣುತ್ತೆ ಅನ್ನೋದಾದ್ರೆ ಇಲ್ಲೇ ಮಾಡಿ ತೋರಿಸ್ಲಿ. ಆಮೇಲೆ ನೋಡಣ."

ಮಾರನೆಯ ದಿನ ಅವಳನ್ನು ಕರೆದುಕೊಂಡು ಹೋದೆ. ಅವಳು ಹೋಟೆಲಿನ ಬಾಗಿಲು, ಕಿಟಕಿಯ ಹೂವು, ಬಟ್ಟಲಲ್ಲಿ ಹೊಗೆಯಾಡುವ ನೂಡಲ್ಸಿನ ಸಾರು, ಒಂದೊಂದರ ಪಟ ತೆಗೆದಳು. ಆ ಕಂಪ್ಯೂಟರಿನ ಮುಂದೆಯೇ ಕೂತು ಪುಟಕ್ಕೆ ಏರಿಸಿದಳು. ನೆಟ್ಟು ನಿಧಾನ, ಬಹಳ ಹೊತ್ತು ಹಿಡಿಯಿತು. ನಾನು ಸೆರಗಿನ ತುದಿಯನ್ನು ತಿರುಚುತ್ತಾ ನಿಂತಿದ್ದೆ. ಹೆಂಗಸು ಪುಟವನ್ನು ಮುಚ್ಚಿ ಹೊಸದಾಗಿ ತೆಗೆದಳು. ಪಟ ಇತ್ತು. ಮತ್ತೊಮ್ಮೆ ಮುಚ್ಚಿ ತೆಗೆದಳು. ಹಾಗೇ ಇತ್ತು.

"ಇದ್ಯಾಕೆ ತಡೀಲಿಲ್ಲ?"

"ಇದು ಹೊರಗಿನಿಂದ ಬಂದು ಕೂತಿದ್ದಲ್ಲ ಅಕ್ಕ, ನನ್ ಪುಟದ್ದೇ. ನಾನ್ ನೋಡಿ, ತಿಂದು, ಆಮೇಲ್ ಹಾಕಿದ್ದು. ಮಿಣುಕಲ್ಲ, ಅಡ್ಡ ಬರಲ್ಲ. ದುಡ್ಡು ತಗಂಡು ಹಾಕಿದ್ದು ಅಂತ ಕೆಳಗೆ ಬರ್ದೂ ಇದೀನಿ, ನೋಡಿ."

"ಅದನ್ನ ಯಾಕೆ ಬರೆದೆ? ಬೇಡ ಅಂದ್ರೆ?"

"ಆ ಸಾಲು ಬೇಡ ಅಂದ್ರೆ ಪಟಾನೇ ತೆಗೀತೀನಿ ಅಕ್ಕ."

ಇನ್ನೊಂದು ದಿನಕ್ಕೆ ಬಸ್ಸು, ಈ ಹುಡುಗಿ ಹೀಗೆ ಮಾತಾಡುತ್ತಾಳಲ್ಲಾ ಎಂದು ಅವಳ ಭುಜ ಚಿವುಟಿದೆ. ಹೆಂಗಸು ಒಳಗೆ ಹೋದಳು. ಬಂದಾಗ ಕೈಯಲ್ಲಿ ದುಡ್ಡಿತ್ತು. "ಒಂದು ತಿಂಗಳು" ಎಂದಳು. "ಯಾರಾದ್ರೂ ಪುಟ ನೋಡಿ ಬಂದ್ರೆ ಮುಂದೆ ನೋಡಣ."

ಬಸ್ಸಿನ ದಿನ ಬೆಳಿಗ್ಗೆ ನಾನು ಆ ದುಡ್ಡನ್ನು ಮಗನ ಕೈಗೆ ಕೊಟ್ಟೆ. ಪುಟದ ದುಡ್ಡು ಎಂದೆ. ಅವನು ನನ್ನ ಕಿವಿ ನೋಡಿದ. ಓಲೆ ಇದ್ದವು.

"ಓಲೆ ಮಾರಿಲ್ಲ. ಅಂಗಾದ್ರೆ ಯಾರತ್ರ ಇಸ್ಕೊಂಡೆ?"

"ಯಾರತ್ರಾನೂ ಇಲ್ಲ ಕಣ್ಲಾ, ನಿಜವಾಗ್ಲೂ."

"ಅವ್ವ, ಊರುನ್ನೇ ಕರ್ಕೊಂಡೋಗಿ ಒತ್ತಿಸ್ದವಳು ನೀನು. ನಿನ್ನ ಎಂಗ್ ನಂಬ್ಲಿ?"

ಮೊಮ್ಮಗಳು ಬ್ಯಾಗ್ ಎತ್ತಿಕೊಂಡು ಹೊರಟೇಬಿಟ್ಟಳು, ನಾವಿಬ್ಬರೂ ಹಿಂದೆ ಹೋದೆವು. ಪಿರಿಯಾಪಟ್ಟಣದಲ್ಲಿ ಬಸ್ಸು ನಿಂತಿತ್ತು. ಒಳಗೆ ಹುಡುಗಿಯರು, ಕಿಟಕಿಯ ಕೆಳಗೆ ತಾಯಂದಿರು, ಬುತ್ತಿಯ ಗಂಟು ಒಳಗೆ ಹೋಗುತ್ತಿತ್ತು. ಮಗ ಅವಳ ಬ್ಯಾಗನ್ನು ತೆಗೆದುಕೊಂಡು ಹೋಗಿ ಒಳಗಿನ ಅಟ್ಟಣೆಯ ಮೇಲೆ ಇಟ್ಟು ಇಳಿದ. ಅವಳು ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ನಿಂತಳು.

"ಅಪ್ಪ" ಎಂದಳು. "ಆ ಪಟದ ಕೆಳಗೆ ಹೋಟ್ಲಿನ ಫೋನ್ ನಂಬರ್ ಅದೆ. ನಂಗೆ ಬಾಯಿಗೆ ಬತ್ತದೆ. ಒಂದ್ ಸಲ ಮಾಡಿ ಕೇಳು. ಆಮೇಲೆ ಹತ್ತು ಅಂದ್ರೆ ಹತ್ತೀನಿ."

ಡ್ರೈವರ್ ಹಾರ್ನ್ ಹೊಡೆದ. ಮಗ ಅವನ ಕಡೆ ನೋಡಿದ, ಅವಳ ಕಡೆ ನೋಡಿದ, ಜೇಬಿನಿಂದ ಫೋನು ತೆಗೆದ. ಅವಳು ಒಂದೊಂದೇ ಅಂಕಿ ಹೇಳಿದಳು. ಅವನು ನಮ್ಮಿಂದ ದೂರ ಹೋಗಿ ಬೆನ್ನು ತಿರುಗಿಸಿ ಮಾತಾಡಿದ. ಏನು ಕೇಳಿದನೋ, ಆ ಕಡೆಯಿಂದ ಏನು ಹೇಳಿದರೋ ನನಗೆ ಇವತ್ತಿಗೂ ಗೊತ್ತಿಲ್ಲ. ಡ್ರೈವರ್ ಇಂಜಿನ್ ಹಚ್ಚಿದ. ಮಗ ಫೋನು ಜೇಬಿಗಿಟ್ಟು ಬಸ್ಸು ಹತ್ತಿದ. ಇಳಿದಾಗ ಅವನ ಕೈಯಲ್ಲಿ ಬ್ಯಾಗಿತ್ತು.

ಬಸ್ಸು ಹೊರಟಿತು. ಕಿಟಕಿಯಿಂದ ನಮ್ಮೂರಿನ ಇಬ್ಬರು ಹುಡುಗಿಯರು ಕೈ ಬೀಸಿದರು. ನಾನು ಬೀಸಲು ಎತ್ತಿದ ಕೈಯನ್ನು ಬೀಸಲಾರದೆ ಹಾಗೇ ಇಳಿಸಿದೆ.

"ಒಂದ್ ತಿಂಗ್ಳಂತೆ" ಎಂದ ಮಗ.

"ಊ."

"ಬರೋ ತಿಂಗ್ಳು ಮತ್ತೆ ಬಸ್ ಬತ್ತದೆ ಅವ್ವ. ಆಗೇನ್ ಮಾಡ್ತೀಯ?"

ಅಷ್ಟು ಹೇಳಿ ಬ್ಯಾಗನ್ನು ಹೆಗಲಿಗೆ ಹಾಕಿಕೊಂಡು ನಮ್ಮೂರ ಬಸ್ಸು ನಿಲ್ಲುವ ಕಡೆ ನಡೆದ. ಮೊಮ್ಮಗಳು ನನ್ನ ಕೈ ಹಿಡಿದುಕೊಂಡಳು. ನನಗೆ ಕೂಗಿ ಹೇಳಬೇಕು ಅನ್ನಿಸಿತು, ಬಸ್ ಸ್ಟ್ಯಾಂಡಿನಲ್ಲಿದ್ದ ಅಷ್ಟೂ ಜನಕ್ಕೆ, ಇವಳು ಉಳಿದಳು ಕಣ್ರೋ ಎಂದು. ಗಂಟಲವರೆಗೂ ಬಂತು. ಒಂದು ತಿಂಗಳಿಗೆ ಎಷ್ಟು ದಿನ ಎಂಬುದೂ ಜೊತೆಗೇ ಬಂತು.

ರಸ್ತೆಯಾಚೆ ಕನ್ನಡಕದ ಅಂಗಡಿಯೊಂದು ಆಗಷ್ಟೇ ಬಾಗಿಲು ತೆಗೆಯುತ್ತಿತ್ತು. ಅಲ್ಲಿ ನಾನು ಇನ್ನೂ ಕೇಳಿರಲಿಲ್ಲ.

"ಅಜ್ಜಿ, ಒಸಿ ಕುಂತ್ಕೊ, ಉಸ್ರು ತಗೊ" ಎಂದಳು ಅವಳು.

"ನೀನ್ ತಗೊ" ಎಂದು ಹೇಳಿ, ಸೊಂಟದಿಂದ ಆ ಕಾಗದ ತೆಗೆದು, ಸುಕ್ಕನ್ನು ಕೈಯಲ್ಲಿ ನೀವಿ, ರಸ್ತೆ ದಾಟಿದೆ.